ಸಕ್ಕರೆ ಪೋಣಿಸುವ ಕೈಗಳು

(ಪದವಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳನ್ನು ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಮೊದಲು ಒಂದು ಸಣ್ಣ ಲೆಕ್ಕ. ಪಿಯುಸಿ ಜೀವಶಾಸ್ತ್ರ ಓದಿದವರು ಬಾಯಲ್ಲೇ ಬಿಡಿಸಬಹುದು. ಗಂಡನ ರಕ್ತದ ಗುಂಪು ಓ. ಹೆಂಡತಿಯದೂ ಓ. ಮಗುವಿನದು ಬಿ. ಸಾಧ್ಯವೇ?

ಹಿಂದಿನ ಸಾಲಿನವರು ಮುಖ ಮುಖ ನೋಡಿಕೊಂಡು ನಗುತ್ತಿದ್ದೀರಿ. ಯಾಕೆ ಅಂತ ನನಗೆ ಗೊತ್ತು. ನಾನು ಹೇಳಹೊರಟಿರುವ ಹೆಣ್ಣುಮಗಳ ಅತ್ತೆ ನಗಲಿಲ್ಲ, ಅಷ್ಟೇ ವ್ಯತ್ಯಾಸ. ಆಸ್ಪತ್ರೆಯ ಕಾರ್ಡು ನೋಡಿ ಯಾರೋ ತಿಳಿದವರು ಆಕೆಯ ಕಿವಿಗೆ ಹಾಕಿದ್ದರು, ‘ಅಪ್ಪ ಅಮ್ಮ ಇಬ್ಬರೂ ಓ ಆದರೆ ಮಗು ಬಿ ಆಗೋಕೆ ಬರಲ್ಲ’ ಅಂತ. ಆಮೇಲೆ ಆ ಮನೆಯಲ್ಲಿ ಮೂರು ವರ್ಷ ಏನೇನು ನಡೆದಿರಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಕೆಯನ್ನು ನಾನು ನೋಡಿದ್ದು ಎರಡನೇ ಹೆರಿಗೆಗೆ ಬಂದಾಗ. ನಾನಾಗ ಪಾಠ ಹೇಳುವ ಕೆಲಸಕ್ಕೆ ಬಂದಿರಲಿಲ್ಲ, ಮಲೆನಾಡಿನ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಊರು, ಹೆಸರು ಬೇಡ. ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು, ರಕ್ತ ಕೊಡಲೇಬೇಕು. ಕಾರ್ಡಿನಲ್ಲಿ ಓ ಪಾಸಿಟಿವ್ ಅಂತ ಬರೆದಿದೆ, ಫ್ರಿಜ್ಜಿನಲ್ಲಿ ಓ ಪಾಸಿಟಿವ್ ಚೀಲಗಳು ಬೇಕಾದಷ್ಟಿವೆ. ಒಂದನ್ನು ತೆಗೆದು ಕ್ರಾಸ್ ಮ್ಯಾಚ್ ಮಾಡಿದೆ. ರೋಗಿಯ ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರಿಗೆ, ದಾನಿಯ ಕೆಂಪು ಕಣ ಬೆರೆಸಿ ನೋಡುವುದು, ಅಷ್ಟೇ. ಹೊಂದಿದರೆ, ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿದಾಗ ಕಣಗಳು ಕುಂಕುಮ ಕದಡಿದ ನೀರಿನ ಹಾಗೆ ನಯವಾಗಿ ಏಳುತ್ತವೆ. ಹೊಂದದಿದ್ದರೆ ಒಡೆದ ಹಾಲು. ಕಾಳುಕಾಳು. ಮೊದಲ ಚೀಲಕ್ಕೆ ಕಾಳು ಬಂತು. ಎರಡನೆಯದಕ್ಕೂ ಕಾಳು. ಆರು ಚೀಲ ನೋಡಿದೆ, ಆರಕ್ಕೂ ಅದೇ.

ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದರು, ನಿವೃತ್ತಿಗೆ ಹತ್ತಿರ ಬಂದವರು. ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಕಾರ್ಡು ಮಾಡುವಾಗ ಓ ಕಣ ಹಾಕಿ ನೋಡಿದ್ದಾರೇನಮ್ಮಾ?’

‘ಓ ಕಣಕ್ಕೆ ಯಾರ ಸೀರಮ್ಮೂ ಅಂಟಲ್ಲ ಅಲ್ವಾ ಸರ್?’

‘ಅದು ಪುಸ್ತಕ. ನೀನು ಹಾಕು.’

ಆಕೆಯನ್ನು ಸದ್ಯಕ್ಕೆ ಅಲ್ಲೇ ಬಿಟ್ಟು ಸ್ವಲ್ಪ ಸುತ್ತು ಹಾಕಿಕೊಂಡು ಬರೋಣ. ರಕ್ತ ಸಿಕ್ಕಿತು, ತಾಯಿ ಮಗು ಇಬ್ಬರೂ ಉಳಿದರು. ಆ ಚಿಂತೆ ಇಟ್ಟುಕೊಂಡು ಕೂರಬೇಡಿ.

ರಕ್ತದ ಗುಂಪು ಅಂದರೆ ಏನು? ರಕ್ತದಲ್ಲಿ ‘ಎ’ ಅನ್ನುವ ಏನೋ ಒಂದು ಇರುತ್ತದೆ ಅನ್ನುತ್ತೇವೆ. ಆ ‘ಏನೋ ಒಂದು’ ಸಕ್ಕರೆ. ಡಯಾಬಿಟೀಸ್ ಸಕ್ಕರೆ ಅಲ್ಲ, ಅದು ರಕ್ತದಲ್ಲಿ ಕರಗಿ ಓಡಾಡುವ ಗ್ಲೂಕೋಸ್. ನಾನು ಹೇಳುವುದು ಕೆಂಪು ಕಣದ ಮೈಮೇಲಿನ ಪ್ರೋಟೀನಿಗೆ ಕಟ್ಟಿದ ಸಕ್ಕರೆಯ ಸರಪಳಿ. ಒಂದು ಪ್ರೋಟೀನನ್ನು ಹಿಡಿದುಕೊಳ್ಳೋಣ: ಬ್ಯಾಂಡ್ ಮೂರು. ಒಂದು ಕೆಂಪು ಕಣದ ಪೊರೆಯಲ್ಲಿ ಇದರ ಸುಮಾರು 10 ಲಕ್ಷ ಪ್ರತಿಗಳಿರುತ್ತವೆ. ಕ್ಲೋರೈಡ್ ಮತ್ತು ಬೈಕಾರ್ಬನೇಟ್‌ಗಳನ್ನು ಒಳಗೂ ಹೊರಗೂ ಅದಲುಬದಲು ಮಾಡುವುದು ಇದರ ಕಸುಬು. ನೀವು ಉಸಿರು ಬಿಡುವ ಇಂಗಾಲದ ಡೈಆಕ್ಸೈಡ್ ಶ್ವಾಸಕೋಶದವರೆಗೆ ಬರುವುದು ಇದರ ದಯೆಯಿಂದ. 911 ಅಮೈನೋ ಆಮ್ಲಗಳ ಈ ಪ್ರೋಟೀನಿನಲ್ಲಿ 642ನೆಯ ಜಾಗದಲ್ಲಿ ಒಂದು ಸಕ್ಕರೆ ಸರಪಳಿ ತೂಗುತ್ತಿದೆ. ಒಂದೇ ಒಂದು. ಅದರ ಕೊನೆಯ ಮಣಿ ಯಾವುದು ಅನ್ನುವುದರ ಮೇಲೆ ನೀವು ಎ, ಬಿ ಅಥವಾ ಓ. ಇದೇ ಸರಪಳಿಗಳು ಬೇರೆ ಪ್ರೋಟೀನುಗಳ ಮೇಲೆ, ಕೊಬ್ಬಿನ ಕಣಗಳ ಮೇಲೆ ಕೂಡ ಇವೆ. ಸದ್ಯಕ್ಕೆ ಇದೊಂದು ಸಾಕು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಪ್ರೋಟೀನಿಗೆ ನಕ್ಷೆ ಇದೆ. ಡಿಎನ್‌ಎಯಲ್ಲಿ ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ, ಓದುತ್ತಾ ಹೋದರೆ ಪ್ರೋಟೀನ್ ತಯಾರು. ಸಕ್ಕರೆ ಸರಪಳಿಗೆ ಅಂಥ ನಕ್ಷೆ ಎಲ್ಲೂ ಇಲ್ಲ. ಈ ಮಣಿ ಆದಮೇಲೆ ಆ ಮಣಿ ಅಂತ ಬರೆದಿಟ್ಟ ಜೀನ್ ನಿಮ್ಮ ಯಾವ ಜೀವಕೋಶದಲ್ಲೂ ಇಲ್ಲ. ಹಾಗಾದರೆ ಮಾಲೆ ಹೇಗೆ ಕಟ್ಟಿಕೊಳ್ಳುತ್ತದೆ?

ಹಬ್ಬದ ಹಿಂದಿನ ದಿನ ಮಾರುಕಟ್ಟೆಗೆ ಹೋಗಿದ್ದೀರಲ್ಲ. ಹೂ ಕಟ್ಟುವವರು ಸಾಲಾಗಿ ಕೂತಿದ್ದಾರೆ ಅಂದುಕೊಳ್ಳಿ. ಒಬ್ಬಾಕೆಯ ಬುಟ್ಟಿಯಲ್ಲಿ ಮಲ್ಲಿಗೆ ಮಾತ್ರ. ಪಕ್ಕದವಳ ಬುಟ್ಟಿಯಲ್ಲಿ ಕನಕಾಂಬರ ಮಾತ್ರ, ಅದೂ ಕೊನೆಯ ಹೂ ಮಲ್ಲಿಗೆಯಾಗಿದ್ದರೆ ಮಾತ್ರ ಅವಳು ಕಟ್ಟುತ್ತಾಳೆ, ಇಲ್ಲದಿದ್ದರೆ ಹಾಗೇ ಮುಂದಕ್ಕೆ ದಾಟಿಸುತ್ತಾಳೆ. ಮೂರನೆಯವಳು ಮರುಗದವಳು, ಅವಳಿಗೆ ಕನಕಾಂಬರ ಕಾಣಬೇಕು. ಪೂರ್ತಿ ಮಾಲೆ ಹೇಗಿರಬೇಕು ಅಂತ ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬಳಿಗೂ ತನ್ನ ಹೂ ಗೊತ್ತು, ತನ್ನ ಹಿಂದಿನ ಹೂ ಗೊತ್ತು. ಆದರೂ ಸಾಲಿನ ಕೊನೆಗೆ ಒಂದೇ ಥರದ ಮಾಲೆ ಬರುತ್ತದೆ. ಕನಕಾಂಬರದವಳು ಒಂದು ದಿನ ಬರಲಿಲ್ಲ ಅನ್ನಿ. ಮರುಗದವಳು ಬುಟ್ಟಿ ತುಂಬ ಮರುಗ ಇಟ್ಟುಕೊಂಡು ಸುಮ್ಮನೆ ಕೂರಬೇಕು. ಈ ಚಿತ್ರವನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಈ ಕಟ್ಟುವವರೇ ಗ್ಲೈಕೋಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳು. ನಾಲಿಗೆ ಹೊರಳದಿದ್ದರೆ ಬಿಡಿ, ಪೋಣಿಸುವ ಕಿಣ್ವ ಅನ್ನೋಣ. ಮನುಷ್ಯರಲ್ಲಿ ಇಂಥ ಕಿಣ್ವಗಳ ಜೀನ್‌ಗಳು 200ಕ್ಕಿಂತ ಹೆಚ್ಚಿವೆ. ಮಣಿಗಳು ಮಾತ್ರ ಹತ್ತರ ಆಸುಪಾಸು. ಇಷ್ಟು ಕಡಿಮೆ ಮಣಿಗೆ ಅಷ್ಟೊಂದು ಕೈ ಯಾಕೆ? ಹೂವಿನ ಹೋಲಿಕೆ ಇಲ್ಲಿ ಸ್ವಲ್ಪ ಸೋಲುತ್ತದೆ. ಅಮೈನೋ ಆಮ್ಲಗಳು ಒಂದಕ್ಕೊಂದು ಸೇರುವುದು ಒಂದೇ ರೀತಿಯಲ್ಲಿ. ಸಕ್ಕರೆಗೆ ಮೈಯೆಲ್ಲ ಕೈ. ಎರಡನೇ ಇಂಗಾಲದಲ್ಲಿ ಹಿಡಿಯಬಹುದು, ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ, ಆರನೆಯದರಲ್ಲಿ ಹಿಡಿಯಬಹುದು. ಮೇಲ್ಮುಖವಾಗಿ ಹಿಡಿಯಬಹುದು, ಕೆಳಮುಖವಾಗಿ ಹಿಡಿಯಬಹುದು, ಒಂದೇ ಮಣಿಯಿಂದ ಎರಡು ಕವಲು ಹೊರಡಬಹುದು. ಮೂರು ಅಮೈನೋ ಆಮ್ಲ ಕೊಟ್ಟರೆ ನೀವು 6 ರೀತಿಯಲ್ಲಿ ಜೋಡಿಸಬಹುದು. ಮೂರು ಸಕ್ಕರೆ ಕೊಟ್ಟರೆ ಸಾವಿರಕ್ಕೂ ಹೆಚ್ಚು ರೀತಿ. ಹಾಗಾಗಿ ಹೆಚ್ಚುಕಡಿಮೆ ಒಂದೊಂದು ಬಗೆಯ ಗಂಟಿಗೆ ಒಂದೊಂದು ಕೈ ಬೇಕು.

ಇನ್ನೊಂದು ವಿಷಯ. ಸಕ್ಕರೆ ಬರಿಮೈಯಲ್ಲಿ ಬಂದರೆ ಈ ಕಿಣ್ವಗಳು ಮೂಸಿಯೂ ನೋಡುವುದಿಲ್ಲ. ಅದರ ಬೆನ್ನಿಗೆ ಯುಡಿಪಿ ಅಥವಾ ಜಿಡಿಪಿ ಎಂಬ ಒಂದು ಹಿಡಿಕೆ ಕಟ್ಟಿರಬೇಕು. (ದೇಶದ ಜಿಡಿಪಿ ಅಲ್ಲ, ಗ್ವಾನೋಸಿನ್ ಡೈಫಾಸ್ಫೇಟ್.) ಹಿಡಿಕೆ ಬಿಚ್ಚಿದಾಗ ಸಿಗುವ ಶಕ್ತಿಯಿಂದಲೇ ಗಂಟು ಬೀಳುತ್ತದೆ. ಇದನ್ನು ಕಂಡುಹಿಡಿದವರು ಅರ್ಜೆಂಟೀನಾದ ಲೂಯಿಸ್ ಲೆಲೊಯಿರ್, ಬ್ಯೂನಸ್ ಐರಿಸ್‌ನ ತಮ್ಮ ಪ್ರಯೋಗಾಲಯದಲ್ಲಿ. 1970ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು.

ಕೆಲಸ ಶುರುವಾಗುವುದು ಮೂಳೆಮಜ್ಜೆಯಲ್ಲಿ, ಕೆಂಪು ಕಣ ಇನ್ನೂ ಬೆಳೆಯುತ್ತಿರುವಾಗ. ಜೀವಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಮಡಿಕೆ ಮಡಿಕೆಯ ಪೊರೆಯಲ್ಲಿ ಮೊದಲ ಹಂತ. ಇಲ್ಲಿ ಮಣಿ ಒಂದೊಂದಾಗಿ ಪ್ರೋಟೀನಿನ ಮೇಲೆ ಏರುವುದಿಲ್ಲ. ಡಾಲಿಕಾಲ್ ಎಂಬ ಕೊಬ್ಬಿನ ಗೂಟದ ಮೇಲೆ 14 ಮಣಿಗಳ ಒಂದು ಗೊಂಚಲು ಮೊದಲೇ ಸಿದ್ಧವಾಗಿರುತ್ತದೆ: 2 ಅಸಿಟೈಲ್ ಗ್ಲೂಕೋಸಮೈನ್, 9 ಮ್ಯಾನೋಸ್, 3 ಗ್ಲೂಕೋಸ್. ಪ್ರೋಟೀನಿನಲ್ಲಿ ಆಸ್ಪರಜಿನ್ ಬಂದು, ಅದರಾಚೆ ಒಂದು ಬಿಟ್ಟು ಸೆರಿನ್ ಅಥವಾ ಥ್ರಿಯೋನಿನ್ ಕಂಡರೆ, ಅಲ್ಲಿಗೆ ಇಡೀ ಗೊಂಚಲನ್ನು ಎತ್ತಿ ಅಂಟಿಸುತ್ತದೆ ಒಂದು ಕಿಣ್ವ.

ಆಮೇಲೆ ನಡೆಯುವುದು ನನಗೆ ಬಹಳ ಇಷ್ಟವಾದ ಭಾಗ. ತುದಿಯ 3 ಗ್ಲೂಕೋಸ್ ಮಣಿಗಳನ್ನು ಕತ್ತರಿಸುತ್ತಾರೆ. ಇಷ್ಟು ಕಷ್ಟಪಟ್ಟು ಕಟ್ಟಿ ಯಾಕೆ ಕತ್ತರಿಸಬೇಕು? ಅದು ಹಾಲ್ ಟಿಕೆಟ್ ಇದ್ದ ಹಾಗೆ. ಒಂದು ಗ್ಲೂಕೋಸ್ ಉಳಿದಿರುವವರೆಗೆ, ಪ್ರೋಟೀನನ್ನು ಸರಿಯಾಗಿ ಮಡಚಿಕೊಳ್ಳಲು ಸಹಾಯ ಮಾಡುವ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ಕೊನೆಯ ಗ್ಲೂಕೋಸೂ ಹೋದಮೇಲೆ ಒಬ್ಬ ಪರೀಕ್ಷಕ ಬರುತ್ತಾನೆ. ಅವನೂ ಒಂದು ಪೋಣಿಸುವ ಕಿಣ್ವವೇ. ಪ್ರೋಟೀನು ಸರಿಯಾಗಿ ಮಡಚಿಕೊಂಡಿದ್ದರೆ ತಂಟೆಗೆ ಹೋಗುವುದಿಲ್ಲ. ಸೊಟ್ಟಗಿದ್ದರೆ ಮತ್ತೆ ಒಂದು ಗ್ಲೂಕೋಸ್ ಅಂಟಿಸುತ್ತಾನೆ: ಹೋಗು, ಸಪ್ಲಿಮೆಂಟರಿ ಬರಿ. ಈ ಪರೀಕ್ಷಕನನ್ನು ಪತ್ತೆ ಮಾಡಿದವರು ಲೆಲೊಯಿರ್ ಅವರ ಶಿಷ್ಯ ಅರ್ಮಾಂಡೊ ಪರೋಡಿ, ಅದೇ ಬ್ಯೂನಸ್ ಐರಿಸ್‌ನಲ್ಲಿ.

ಪಾಸಾದ ಪ್ರೋಟೀನ್ ಗಾಲ್ಜಿಗೆ ಹೋಗುತ್ತದೆ. ದೋಸೆ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಚೀಲಗಳ ಸಾಲು ಅದು. ನಮ್ಮ ಹೂವಿನ ಸಾಲು ಕೂತಿರುವುದು ಇಲ್ಲಿ. ಹಳೆ ಮ್ಯಾನೋಸ್ ಕತ್ತರಿಸಿ, ಹೊಸ ಕವಲು ಹೊರಡಿಸಿ, ಗ್ಯಾಲಕ್ಟೋಸ್ ಇಟ್ಟು, ಕೊನೆಕೊನೆಗೆ ಫ್ಯೂಕೋಸ್, ಸಿಯಾಲಿಕ್ ಆಮ್ಲ.

ಒಬ್ಬರು ಚೀಟಿ ಕಳಿಸಿದ್ದಾರೆ: ‘ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ?’ ಪೋಷಕರ ಕೈಬರಹ ಅನ್ನಿಸುತ್ತದೆ. ಇರಲಿ, ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಬಯೋಕಾನ್ ಇನ್ಸುಲಿನ್ನನ್ನು ಪಿಚಿಯಾ ಎಂಬ ಯೀಸ್ಟ್‌ನಲ್ಲಿ ತಯಾರಿಸುತ್ತದೆ. ಇನ್ಸುಲಿನ್ನಿಗೆ ಸಕ್ಕರೆ ಸರಪಳಿ ಇಲ್ಲ, ಯೀಸ್ಟ್ ಸಾಕು. ಅದೇ ಕಂಪನಿ 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು. ಅದು ಪ್ರತಿಕಾಯ, ಅಂದರೆ ಹೊರಗಿನದನ್ನು ಗುರುತಿಸಿ ಹಿಡಿಯುವ ಪ್ರೋಟೀನು. ಅದರ ಎರಡೂ ಭಾರದ ಎಳೆಗಳಲ್ಲಿ ಒಂದೊಂದು ಸಕ್ಕರೆ ಸರಪಳಿ ಇರಬೇಕು, ಅದೂ ಮನುಷ್ಯರದರ ಹಾಗೇ ಇರಬೇಕು. ಯೀಸ್ಟ್ ತನ್ನ ಚಾಳಿಯಂತೆ ಮ್ಯಾನೋಸನ್ನು ಉದ್ದಕ್ಕೆ ಪೋಣಿಸಿಬಿಡುತ್ತದೆ. ಆದ್ದರಿಂದ ಇಂಥ ಔಷಧಗಳನ್ನು ಚೀನೀ ಹ್ಯಾಮ್ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದ ಕೋಶಗಳಲ್ಲಿ ಬೆಳೆಸುತ್ತಾರೆ. ಕೆಲವು ಕ್ಯಾನ್ಸರ್ ಔಷಧಗಳಲ್ಲಿ ಬೇಕೆಂದೇ ಒಂದು ಕಿಣ್ವದ ಬಾಯಿ ಕಟ್ಟುತ್ತಾರೆ. ಬುಡದ ಒಂದು ಫ್ಯೂಕೋಸ್ ಮಣಿ ಇಲ್ಲದಿದ್ದರೆ, ರೋಗನಿರೋಧಕ ಕೋಶಗಳು ಆ ಪ್ರತಿಕಾಯವನ್ನು ಎಷ್ಟೋ ಪಟ್ಟು ಬಿಗಿಯಾಗಿ ಹಿಡಿಯುತ್ತವೆ. ಹಾಗೆ ಫ್ಯೂಕೋಸ್ ತೆಗೆದ ಮೊಗಮುಲಿಜುಮ್ಯಾಬ್ ಜಪಾನಿನಲ್ಲಿ 2012ರಲ್ಲೇ ಮಂಜೂರಾಯಿತು. ಕಾರ್ಖಾನೆಯಿಂದ ಹೊರಬರುವ ಪ್ರತಿ ಬ್ಯಾಚಿನ ಸಕ್ಕರೆ ಸರಪಳಿಯನ್ನೂ ಯಾರೋ ಕೂತು ಅಳೆಯಬೇಕು. ಕೆಲಸ ಇದೆ ಸ್ವಾಮಿ.

ಮತ್ತೆ ಕೆಂಪು ಕಣಕ್ಕೆ. ಸರಪಳಿಯ ತುದಿಯಲ್ಲಿ ಒಂದು ಗ್ಯಾಲಕ್ಟೋಸ್ ಇದೆ. ಅದರ ಪಕ್ಕಕ್ಕೆ ಒಂದು ಕಿಣ್ವ ಫ್ಯೂಕೋಸ್ ಮಣಿ ಇಡುತ್ತದೆ. ಹೀಗೆ ಸಿದ್ಧವಾದ ತುದಿಗೆ ‘ಎಚ್’ ಅಂತ ಹೆಸರು. ಇದು ಹೆಚ್ಚುಕಡಿಮೆ ಎಲ್ಲರಿಗೂ ಸಮಾನ. ಆಮೇಲೆ ಬರುವ ಕಿಣ್ವ, ಫ್ಯೂಕೋಸ್ ಇದೆಯೇ ಅಂತ ನೋಡಿ, ಇದ್ದರೆ ಮಾತ್ರ ಆ ಗ್ಯಾಲಕ್ಟೋಸಿಗೆ ಇನ್ನೊಂದು ಮಣಿ ಕಟ್ಟುತ್ತದೆ. ನಿಮ್ಮ ಕಿಣ್ವ ಕಟ್ಟುವುದು ಅಸಿಟೈಲ್ ಗ್ಯಾಲಕ್ಟೋಸಮೈನ್ ಆದರೆ ನೀವು ಎ ಗುಂಪು. ಬರೀ ಗ್ಯಾಲಕ್ಟೋಸ್ ಆದರೆ ಬಿ. ಎರಡು ಥರದ ಕಿಣ್ವವೂ ಇದ್ದರೆ ಎಬಿ. ಏನೂ ಕಟ್ಟದಿದ್ದರೆ, ಎಚ್ ಹಾಗೇ ಉಳಿದರೆ, ಓ.

ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ಎಷ್ಟು ವ್ಯತ್ಯಾಸ? 354 ಅಮೈನೋ ಆಮ್ಲಗಳಲ್ಲಿ 4. ಸಿಯಾಟಲ್‌ನಲ್ಲಿ ಹಾಕೊಮೊರಿ ಅವರ ಪ್ರಯೋಗಾಲಯದಲ್ಲಿ ಯಾಮಾಮೊಟೊ ಮತ್ತು ಸಂಗಡಿಗರು 1990ರಲ್ಲಿ ಈ ಜೀನ್‌ಗಳನ್ನು ಓದಿ ತೋರಿಸಿದರು. ಆ ನಾಲ್ಕರಲ್ಲೂ ಮುಖ್ಯವಾದವು 266ನೆಯದು ಮತ್ತು 268ನೆಯದು. 266ರಲ್ಲಿ ಎ ಕಿಣ್ವಕ್ಕೆ ಲ್ಯೂಸಿನ್, ಬಿ ಕಿಣ್ವಕ್ಕೆ ಮೆಥಿಯೋನಿನ್. ಅದು ಮಣಿ ಬಂದು ಕೂರುವ ಗುಳಿಯ ಅಂಚು. ಮೆಥಿಯೋನಿನ್ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿರುತ್ತದೆ, ಅಸಿಟೈಲ್ ಬಾಲ ಇರುವ ದೊಡ್ಡ ಮಣಿಗೆ ಜಾಗ ಸಾಲದು, ಸಣ್ಣ ಗ್ಯಾಲಕ್ಟೋಸ್ ಮಾತ್ರ ಕೂರುತ್ತದೆ. ಆಸ್ಪತ್ರೆಯಲ್ಲಿ ತಪ್ಪು ಚೀಲ ಏರಿಸಿದರೆ ಪ್ರಾಣ ಹೋಗುವಷ್ಟು ದೊಡ್ಡ ವ್ಯತ್ಯಾಸದ ಬುಡದಲ್ಲಿ ಇರುವುದು ಇಷ್ಟು ಇಕ್ಕಟ್ಟು.

ಓ ಗುಂಪಿನವರ ಕಥೆ ಇನ್ನೂ ಸ್ವಾರಸ್ಯ. ನಿಮ್ಮಲ್ಲಿ ಓ ಗುಂಪಿನ ಹೆಚ್ಚಿನವರ ಜೀನಿನಲ್ಲಿ 261ನೆಯ ಅಕ್ಷರ, ಒಂದು ಜಿ, ಬಿದ್ದುಹೋಗಿದೆ. ಒಂದಕ್ಷರ ತಾನೇ? ಬೋರ್ಡಿನ ಮೇಲೆ ಬರೆಯುತ್ತೇನೆ ನೋಡಿ. ‘ಅವನು ಮಗಳ ಮದುವೆ ಮಾಡಿದ.’ ಮೂರು ಮೂರು ಅಕ್ಷರ. ಈಗ ಐದನೆಯ ಅಕ್ಷರ ‘ಗ’ ತೆಗೆದುಬಿಟ್ಟು, ಮತ್ತೆ ಮೂರು ಮೂರಾಗಿಯೇ ಓದಿ: ‘ಅವನು ಮಳಮ ದುವೆಮಾ ಡಿದ’. ಮದುವೆ ನಿಂತುಹೋಯಿತು. ಜೀವಕೋಶವೂ ಹೀಗೇ ಅರ್ಥವಿಲ್ಲದ್ದನ್ನು ಓದಿಕೊಂಡು ಹೋಗಿ, 117ನೆಯ ಅಮೈನೋ ಆಮ್ಲಕ್ಕೆ ಬರುವಷ್ಟರಲ್ಲಿ ನಿಲ್ಲುವ ಸಂಜ್ಞೆ ಕಂಡು ಕೈಬಿಡುತ್ತದೆ. ಓ ಗುಂಪು ಅಂದರೆ ಓ ಅನ್ನುವ ವಸ್ತು ಇರುವುದಲ್ಲ, ಕೊನೆಯ ಕಟ್ಟುವವನು ಅರ್ಧಕ್ಕೇ ನಿಂತುಹೋದ ಮನೆತನ.

ಇನ್ನೊಂದು ಕಡೆ ಅಕ್ಷರ ಬಿದ್ದರೆ ಇನ್ನೊಂದು ಫಲ. ಎ ಜೀನಿನ ತೀರಾ ತುದಿಯಲ್ಲಿ ಒಂದು ಸಿ ಬಿದ್ದಿರುವವರು ಇದ್ದಾರೆ. ಅವರ ಕಿಣ್ವಕ್ಕೆ 21 ಅಮೈನೋ ಆಮ್ಲಗಳ ಬಾಲ ಹೆಚ್ಚಾಗಿ ಬೆಳೆದಿರುತ್ತದೆ. ಕೆಲಸ ಮಾಡುತ್ತದೆ, ಸೋಮಾರಿಯಾಗಿ. ಮಾಮೂಲಿ ಎ ಕಣದ ಮೇಲೆ ಸುಮಾರು 10 ಲಕ್ಷ ಎ ತುದಿಗಳಿದ್ದರೆ ಇವರದರ ಮೇಲೆ ಎರಡೂವರೆ ಲಕ್ಷ. ಮೊದಲಿನವರು ಎ1, ಇವರು ಎ2. ಬ್ಲಡ್ ಬ್ಯಾಂಕಿನಲ್ಲಿ ಇಬ್ಬರನ್ನೂ ಹೇಗೆ ಬೇರೆ ಮಾಡುತ್ತೇವೆ ಗೊತ್ತೇ? ಹುರುಳಿಕಾಳಿನಿಂದ. ತಮಾಷೆಯಲ್ಲ. ಹುರುಳಿಯ ಸಾರದಲ್ಲಿರುವ ಒಂದು ಪ್ರೋಟೀನು ಎ1 ಕಣಗಳನ್ನು ಹಿಡಿದು ಕಾಳುಗಟ್ಟಿಸುತ್ತದೆ, ಸಾರವನ್ನು ತಕ್ಕಮಟ್ಟಿಗೆ ತೆಳು ಮಾಡಿದಾಗ ಎ2 ಕಣಗಳನ್ನು ಮುಟ್ಟುವುದಿಲ್ಲ. ಇದನ್ನು ಬರ್ಡ್ ಎಂಬುವರು 1951ರಲ್ಲಿ ನಮ್ಮ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತಿಗೂ ಆ ಬಾಟಲಿ ರಕ್ತನಿಧಿಗಳಲ್ಲಿ ಸಿಗುತ್ತದೆ. ಹುರುಳಿ ಕಟ್ಟಿನ ಸಾರು ಉಂಡವರು ಗಾಬರಿಯಾಗಬೇಡಿ, ಬೇಯಿಸಿದರೆ ಆ ಪ್ರೋಟೀನು ಕೆಡುತ್ತದೆ. ಆದರೆ ‘ಹುರುಳಿರುವ ಮಾತು’ ಅಂತ ಯಾರಾದರೂ ಅಂದರೆ ನನಗೆ ಆ ಬಾಟಲಿಯೇ ನೆನಪಾಗುತ್ತದೆ. ಹಲಸಿನ ಬೀಜದಲ್ಲೂ ಸಕ್ಕರೆ ಹಿಡಿಯುವ ಇಂಥದೇ ಒಂದು ಪ್ರೋಟೀನಿದೆ, ಜಾಕಲಿನ್ ಅಂತ. ಅದರ ಆಕಾರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ತಂಡ 1996ರಲ್ಲಿ ಬಿಡಿಸಿತು.

ರಕ್ತದ ಗುಂಪು ಸಕ್ಕರೆ ಅಂತ ಮೊದಲು ತಿಳಿದದ್ದು ಹೇಗೆ? ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ವಾಲ್ಟರ್ ಮಾರ್ಗನ್ ಮತ್ತು ವಿನಿಫ್ರೆಡ್ ವಾಟ್ಕಿನ್ಸ್ ಇದ್ದರು. ಕೆಂಪು ಕಣದಿಂದ ಈ ವಸ್ತು ಬೇರ್ಪಡಿಸಿದರೆ ಸಿಗುವುದು ತೀರಾ ಅಲ್ಪ. ಅವರು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಅಂಡಾಶಯದ ಗಡ್ಡೆಗಳ ನೀರನ್ನು ತರಿಸಿಕೊಂಡರು, ಅದರಲ್ಲಿ ಇದೇ ಸರಪಳಿಗಳು ಹೇರಳ. ಅವರ ಒಂದು ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಈಲ್ ಮೀನಿನ ಸೀರಮ್ ಓ ಕಣಗಳನ್ನು ಕಾಳುಗಟ್ಟಿಸುತ್ತದೆ. ಅದು ಕಣದ ಮೇಲೆ ಏನನ್ನು ಹಿಡಿಯುತ್ತಿದೆ? ಸೀರಮ್ಮಿಗೆ ಮೊದಲೇ ಬಿಡಿ ಸಕ್ಕರೆ ಹಾಕಿಡಿ. ಅದು ಹಿಡಿಯುವ ಸಕ್ಕರೆ ಇದೇ ಆಗಿದ್ದರೆ ಅದರ ಕೈ ಮೊದಲೇ ತುಂಬಿಹೋಗುತ್ತದೆ, ಆಮೇಲೆ ಕಣ ಹಾಕಿದರೆ ಹಿಡಿಯಲು ಕೈಯೇ ಇರುವುದಿಲ್ಲ. ಒಂದೊಂದೇ ಸಕ್ಕರೆ ಹಾಕಿ ನೋಡಿದರು. ಫ್ಯೂಕೋಸ್ ಹಾಕಿದಾಗ ಕಾಳುಗಟ್ಟುವುದು ನಿಂತಿತು. 1952.

ಅದೇ 1952ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬಂತು. ಬೊಂಬಾಯಿಯ ಕೆಇಎಂ ಆಸ್ಪತ್ರೆಯ ವೈ. ಎಂ. ಭೇಂಡೆ, ಅವರ ಜೊತೆ ದೇಶಪಾಂಡೆ, ಭಾಟಿಯಾ. ಲೇಖನದ ಉಳಿದ ಹೆಸರುಗಳು ಲಂಡನ್ನಿನವು: ಸ್ಯಾಂಗರ್, ರೇಸ್, ಮತ್ತೆ ನಮ್ಮ ಮಾರ್ಗನ್, ವಾಟ್ಕಿನ್ಸ್. ಬೊಂಬಾಯಿಯಲ್ಲಿ ಸಿಕ್ಕ ಕೆಲವರ ರಕ್ತ ಮೇಲ್ನೋಟಕ್ಕೆ ಓ. ಆದರೆ ಅವರ ಸೀರಮ್ ಎ ಕಣವನ್ನೂ, ಬಿ ಕಣವನ್ನೂ, ಓ ಕಣವನ್ನೂ ಕಾಳುಗಟ್ಟಿಸುತ್ತಿತ್ತು. ಅಂದರೆ ಓ ಕಣದ ಮೇಲೆ ‘ಏನೂ ಇಲ್ಲ’ ಅನ್ನುವುದು ಸುಳ್ಳು. ಅಲ್ಲಿ ಎಚ್ ಇದೆ, ಅದು ಈ ಜನರಲ್ಲಿ ಇಲ್ಲ. ತಮ್ಮಲ್ಲಿ ಇಲ್ಲದ್ದನ್ನು ಕಂಡರೆ ದೇಹ ಪ್ರತಿಕಾಯ ಮಾಡುತ್ತದೆ, ಎ ಗುಂಪಿನವರು ಬಿಗೆ ಮಾಡಿದ ಹಾಗೆ. ಮಾರ್ಗನ್ ಮತ್ತು ವಾಟ್ಕಿನ್ಸ್ ಈ ಒಗಟನ್ನು ಇಟ್ಟುಕೊಂಡು ಹಲವು ವರ್ಷ ಯೋಚಿಸಿ, 1959ರಲ್ಲಿ ಒಂದು ಚಿತ್ರ ಮುಂದಿಟ್ಟರು: ಜೀನ್‌ಗಳು ಸಕ್ಕರೆ ಮಾಡುವುದಿಲ್ಲ, ಸಕ್ಕರೆ ಕಟ್ಟುವ ಕಿಣ್ವ ಮಾಡುತ್ತವೆ. ಮೊದಲು ಎಚ್, ಅದರ ಮೇಲೆ ಎ ಅಥವಾ ಬಿ. ಎಚ್ ಕಟ್ಟುವವನು ಗೈರುಹಾಜರಾದರೆ ಎ, ಬಿ ಕಿಣ್ವಗಳು ಇದ್ದೂ ಇಲ್ಲದ ಹಾಗೆ.

ಮರುಗದವಳು ನೆನಪಾದಳೇ?

ಈಗ ನಮ್ಮ ಹೆಣ್ಣುಮಗಳ ಹತ್ತಿರ ಬನ್ನಿ. ಅಂದು ನಾನು ಆಕೆಯ ಸೀರಮ್ಮಿಗೆ ಓ ಕಣ ಹಾಕಿದೆ. ಕಾಳು ಬಂತು. ಯಾವತ್ತೋ ಕಾರ್ಡು ಮಾಡಿಸಿದಾಗ ಸ್ಲೈಡಿನ ಮೇಲೆ ಕಣ ಮಾತ್ರ ನೋಡಿ ಓ ಅಂತ ಬರೆದಿದ್ದರು, ಸೀರಮ್ ನೋಡುವ ಗೋಜಿಗೆ ಹೋಗಿರಲಿಲ್ಲ. ಬೊಂಬಾಯಿಯಲ್ಲಿ ಸಿಕ್ಕ, ಎಚ್ ಇಲ್ಲದ ಆ ಗುಂಪಿಗೆ ಬಾಂಬೆ ಗುಂಪು ಅಂತ ಹೆಸರು. ಆಕೆಯದು ಅದೇ. ದೊಡ್ಡ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಎಚ್ ಲೆಕ್ಟಿನ್ನಿಂದ, ಅಂದರೆ ಹುರುಳಿಯದರ ಹಾಗೆ ಸಕ್ಕರೆ ಹಿಡಿಯುವ, ಆದರೆ ಎಚ್ ಹಿಡಿಯುವ ಪ್ರೋಟೀನಿನಿಂದ, ಖಚಿತ ಮಾಡಿಕೊಂಡೆವು. ಆ ಲೆಕ್ಟಿನ್ ತೆಗೆಯುವುದು ಯುಲೆಕ್ಸ್ ಎಂಬ ಮುಳ್ಳುಪೊದೆಯ ಬೀಜದಿಂದ. ಊಟಿಗೆ ಹೋದವರು ಅದರ ಹಳದಿ ಹೂ ನೋಡಿರುತ್ತೀರಿ; ಯುರೋಪಿನಿಂದ ಬಂದು ನೀಲಗಿರಿಯ ಹುಲ್ಲುಗಾವಲಿಗೆ ಪೀಡೆಯಾಗಿ ಕೂತಿದೆ.

ಆಕೆಯ ತಂದೆಯದು ಬಿ ಗುಂಪು. ಬಿ ಕಿಣ್ವದ ಜೀನ್ ಆಕೆಗೆ ಬಂದಿದೆ, ಕಿಣ್ವವೂ ತಯಾರಾಗುತ್ತಿದೆ, ಬುಟ್ಟಿ ತುಂಬ ಗ್ಯಾಲಕ್ಟೋಸ್. ಕಟ್ಟಲು ಎಚ್ ಇಲ್ಲ. ಆಕೆಯ ಗಂಡ ಸಾಮಾನ್ಯ ಓ, ಅವನಲ್ಲಿ ಎಚ್ ಕಟ್ಟುವ ಜೀನ್ ಸರಿಯಾಗಿದೆ. ಮಗುವಿಗೆ ಅಮ್ಮನಿಂದ ಬಿ, ಅಪ್ಪನಿಂದ ಎಚ್. ಅಪ್ಪ ಎಚ್ ಹಾಸಿದ, ಅಮ್ಮನ ಕಿಣ್ವ ಅದರ ಮೇಲೆ ಮಣಿ ಇಟ್ಟಿತು. ಮಗು ಬಿ. ಲೆಕ್ಕ ಸರಿಯಾಗಿಯೇ ಇತ್ತು, ಕಾರ್ಡಿನಲ್ಲಿ ಬರೆದದ್ದು ತಪ್ಪಾಗಿತ್ತು.

ನಮ್ಮ ಹಿರಿಯರು ಆಕೆಯ ಅತ್ತೆಯನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಫ್ಯೂಕೋಸ್, ಗ್ಯಾಲಕ್ಟೋಸ್ ಏನೂ ಹೇಳಲಿಲ್ಲ. ‘ಅಮ್ಮಾ, ಸೊಸೆ ಹತ್ರ ಬೀಜ ಇತ್ತು, ಗದ್ದೆ ಇರಲಿಲ್ಲ. ಗದ್ದೆ ನಿಮ್ಮ ಮಗನದು. ಬೆಳೆ ಇಬ್ಬರದೂ’ ಅಂದರು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ವಾರ್ಡಿಗೆ ಹೋದರು. ಅಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಸಂಜೆ ಫ್ಲಾಸ್ಕಿನಲ್ಲಿ ಗಂಜಿ ಬಂದದ್ದು ಮಾತ್ರ ನೋಡಿದೆ.

ರಕ್ತ ಕೊಟ್ಟವನು ಆಕೆಯ ತಮ್ಮ. ಎಚ್ ಕಟ್ಟುವ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬಾಂಬೆ ಗುಂಪು ಆಗುತ್ತದೆ, ಹಾಗಾಗಿ ಒಡಹುಟ್ಟಿದವರಲ್ಲಿ ನಾಲ್ಕಕ್ಕೆ ಒಂದು ಸಾಧ್ಯತೆ. ಆಕೆಯ ತಾಯಿ ಮದುವೆಯಾಗಿದ್ದು ಸೋದರಮಾವನನ್ನು. ನಮ್ಮ ಕಡೆ ಅದು ಹೊಸದಲ್ಲ, ಒಳಗೊಳಗೇ ಸಂಬಂಧ ಬೆಳೆಸಿದರೆ ಒಂದೇ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಭಾರತದಲ್ಲಿ ಬಾಂಬೆ ಗುಂಪು ಅಂದಾಜು 10,000 ಜನರಲ್ಲಿ ಒಬ್ಬರಿಗೆ, ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ಈ ಕಡೆಯೇ ಜಾಸ್ತಿ ಕಾಣುವುದು. ಭಾರತದ ಬಾಂಬೆ ಗುಂಪಿನವರಲ್ಲಿ ಹೆಚ್ಚಾಗಿ ಕಾಣುವ ದೋಷವೂ ಒಂದೇ: ಆ ಕಿಣ್ವದ 242ನೆಯ ಜಾಗದಲ್ಲಿ ಲ್ಯೂಸಿನ್ ಹೋಗಿ ಆರ್ಜಿನಿನ್ ಬಂದಿದೆ. ಅದರ ಪಕ್ಕದ, ಜೊಲ್ಲಿನಲ್ಲಿ ಎಚ್ ಕಟ್ಟುವ ಇನ್ನೊಂದು ಜೀನೂ ಅವರಲ್ಲಿ ಅಳಿಸಿಹೋಗಿದೆ.

ಎಚ್ ಇಲ್ಲದಿದ್ದರೆ ಕಾಯಿಲೆಯೇ? ಅಲ್ಲ. ರಕ್ತ ಬೇಕಾಗುವವರೆಗೆ ಅವರಿಗೆ ಯಾವ ತೊಂದರೆಯೂ ಇಲ್ಲ. ಜೊಲ್ಲಿನ ಎಚ್ ಇಲ್ಲದವರಿಗೆ ಒಂದು ಸಣ್ಣ ಲಾಭ ಕೂಡ ಇದೆ. ವಾಂತಿಭೇದಿ ತರುವ ನೊರೋವೈರಸ್‌ನ ಹಲವು ತಳಿಗಳು ಕರುಳಿನಲ್ಲಿ ಈ ಎಚ್ ಹಿಡಿದುಕೊಂಡೇ ಒಳಗೆ ಬರುವುದು, ಹಿಡಿಕೆ ಇಲ್ಲದ ಮನೆಗೆ ಅವು ನುಗ್ಗಲಾರವು.

ಆದರೆ 1992ರಲ್ಲಿ ಇಸ್ರೇಲಿನ ವೈದ್ಯರು ಇಬ್ಬರು ಹುಡುಗರ ವಿಷಯ ಪ್ರಕಟಿಸಿದರು. ಇಬ್ಬರದೂ ಬಾಂಬೆ ಗುಂಪು. ಪದೇ ಪದೇ ಸೋಂಕು, ಕೀವೇ ಆಗದ ಗಾಯ, ಬುದ್ಧಿಯ ಬೆಳವಣಿಗೆ ಕುಂಠಿತ. ನಮ್ಮ ಹೆಣ್ಣುಮಗಳು ಆರೋಗ್ಯವಾಗಿದ್ದಾಳಲ್ಲ, ಇವರಿಗೆ ಯಾಕೆ ಹೀಗೆ? ಇವರಲ್ಲಿ ಎಚ್ ಕಟ್ಟುವವನು ಕೆಲಸಕ್ಕೆ ಬಂದಿದ್ದ. ಹೂವೇ ಬಂದಿರಲಿಲ್ಲ. ಫ್ಯೂಕೋಸನ್ನು ಹಿಡಿಕೆ ಸಮೇತ ಗಾಲ್ಜಿಯ ಒಳಕ್ಕೆ ಸಾಗಿಸುವ ಬಾಗಿಲು ಕೆಟ್ಟಿತ್ತು. ಆದ್ದರಿಂದ ಎಚ್ ಒಂದೇ ಅಲ್ಲ, ಫ್ಯೂಕೋಸ್ ಬೇಕಾದ ಕಡೆಯೆಲ್ಲ ಕೊರತೆ. ರಕ್ತನಾಳದ ಗೋಡೆಗೆ ಅಂಟಿಕೊಂಡು ಉರುಳುತ್ತಾ ಬಂದು, ಸೋಂಕಿನ ಜಾಗದಲ್ಲಿ ಇಳಿಯಬೇಕಾದ ಬಿಳಿ ಕಣಗಳಿಗೆ ಅಂಟಲು ಬೇಕಾದ ಸಕ್ಕರೆ ತುದಿಯೇ ಇರಲಿಲ್ಲ. 1999ರಲ್ಲಿ ಜರ್ಮನಿಯ ವೈದ್ಯರು ಇಂಥದೇ ಇನ್ನೊಂದು ಮಗುವಿಗೆ ಬಾಯಿಂದಲೇ ಫ್ಯೂಕೋಸ್ ಕುಡಿಸಿದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಬಿಗಿಯಾಗಿತ್ತು ಅಷ್ಟೇ. ಹೊರಗೆ ರಾಶಿ ಹೆಚ್ಚಾದಾಗ ಒಳಕ್ಕೂ ಒಂದಷ್ಟು ಹೋಯಿತು. ಸೋಂಕು ಇಳಿಯಿತು. ಎಲ್ಲ ಮಕ್ಕಳಲ್ಲೂ ಇದು ಫಲಿಸಲಿಲ್ಲ. ನಮ್ಮ ಹೆಣ್ಣುಮಗಳಿಗೆ ಕೊಡವಷ್ಟು ಫ್ಯೂಕೋಸ್ ಕುಡಿಸಿದರೂ ಎಚ್ ಬರುವುದಿಲ್ಲ, ಅಲ್ಲಿ ಕಟ್ಟುವ ಕೈಯೇ ಇಲ್ಲ. ಒಂದೇ ರಿಪೋರ್ಟು, ಎರಡು ಬೇರೆ ಕಥೆ.

ಕಳೆದ ತಿಂಗಳು ಆಕೆಯ ತಮ್ಮ ಫೋನ್ ಮಾಡಿದ್ದರು. ಇಷ್ಟು ವರ್ಷ ಯಾರು ಎಲ್ಲಿಂದ ಕರೆದರೂ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದವರು. ‘ಮೇಡಂ, ನನಗೆ 65 ದಾಟಿತು, ಇನ್ನು ತಗೊಳ್ಳಲ್ಲ ಅಂತಾರೆ. ನನ್ನ ಮಕ್ಕಳು ಕೊಡಬಹುದಾ?’ ಮಕ್ಕಳಿಬ್ಬರದೂ ಬಿ. ಅವರಮ್ಮನಿಂದ ಎಚ್ ಬಂದಿದೆ. ಆಗುವುದಿಲ್ಲ ಅಂದೆ. ‘ಹಾಗಾದರೆ ನನಗೇ ಬೇಕಾದರೆ?’ ಅಂದರು.

ಅದಕ್ಕೇ ಇವತ್ತು ಹೊರಗೆ ಮೇಜಿನ ಮೇಲೆ, ಎ ಕಣ, ಬಿ ಕಣದ ಕೊಳವೆಗಳ ಪಕ್ಕದಲ್ಲಿ ಓ ಕಣದ ಕೊಳವೆಯನ್ನೂ ಇಡಿಸಿದ್ದೇನೆ. ಕಾರ್ಡಿನಲ್ಲಿ ಓ ಅಂತ ಇರುವವರು ಮೊದಲು ಬನ್ನಿ. ಎರಡು ಎಂ.ಎಲ್. ಸಾಕು.